ಬೀಟ್ ಸಭೆ, ಕಂಬಳಿಯವನ ಫೋಟೊ

2025 ನವೆಂಬರ್ 9, ಭಾನುವಾರ, ತುಮಕೂರು

ನಮ್ಮ ಬಡಾವಣೆಯ ಗಸ್ತು ನೋಡಿಕೊಳ್ಳೋ ಪೊಲೀಸ್ ಪೇದೆಯ ಜೊತೆ ಜನ ಕೂತು ಮಾತಾಡೋ ಸಭೆ ಇದು. ಅಜೆಂಡಾದಲ್ಲಿ ಇದ್ದದ್ದು ಸರಗಳ್ಳತನ, ಬೀದಿದೀಪ, ಕ್ಯಾಮೆರಾ. ಸಭೆಯನ್ನು ನುಂಗಿದ್ದು ಒಂದು ಫೋಟೊ.

ಬಡಾವಣೆಯ ವಾಟ್ಸಾಪ್ ಗುಂಪಿಗೆ ಬೆಳಗ್ಗೆ ಬಿದ್ದ ಫೋಟೊ ಅದು. ಹೆಗಲ ಮೇಲೆ ಕಂಬಳಿ ಗಂಟು ಹೊತ್ತವನೊಬ್ಬ ಗೇಟಿನ ಮುಂದೆ ನಿಂತಿದ್ದಾನೆ. ಕೆಳಗೆ ಒಂದೇ ಸಾಲು: "ಹುಷಾರು, ಮನೆ ನೋಡ್ಕೊಂಡು ಹೋಗೋ ಗ್ಯಾಂಗು." ಸಂಜೆ ಹೊತ್ತಿಗೆ ಅದೇ ಫೋಟೊ ಊರೆಲ್ಲ ಸುತ್ತಿ, ಯಾವುದೋ ಸಂಬಂಧಿಕರ ಗುಂಪಿನಿಂದ "ಮಕ್ಕಳ ಕಳ್ಳ, ತುಮಕೂರಿಗೆ ಬಂದಿದ್ದಾನೆ" ಅಂತ ನಮ್ಮ ಗುಂಪಿಗೇ ವಾಪಸ್ ಬಂತು. ಅಷ್ಟರಲ್ಲಿ ಆ ಮನುಷ್ಯ ಗಂಟು ಇಳಿಸಿ ಎರಡು ಕಂಬಳಿ ಮಾರಿ ಹೋಗಿದ್ದ. ಕೊಂಡವರು ಸಭೆಯಲ್ಲೇ ಕೂತಿದ್ದರು, ಬಾಯಿ ಬಿಟ್ಟದ್ದು ಕೊನೆಗೆ.

ಬೀಟ್ ಪೇದೆ ಕೂಗಾಡಲಿಲ್ಲ. ಫೋಟೊ ಹಾಕಿದವರನ್ನೇ ಕೇಳಿದರು: "ಎಷ್ಟು ಹೊತ್ತಿಗೆ ಸಾರ್?"

"ಬೆಳಗ್ಗೆ."

"ಬೆಳಗ್ಗೆ ಅಂದ್ರೆ?"

"ಒಂಬತ್ತು, ಒಂಬತ್ತೂವರೆ ಇರಬೇಕು."

"ಯಾವ ಕ್ರಾಸು? ಏನ್ ಮಾಡ್ದ?"

"ಏನೂ ಮಾಡ್ಲಿಲ್ಲ ಕಣ್ರೀ, ನಿಂತಿದ್ದ. ನೋಡಿದ್ರೇನೇ ಗೊತ್ತಾಗುತ್ತಲ್ಲ."

"ಗೊತ್ತಾಗಲ್ಲ ಸಾರ್. ನಮಗೇ ಗೊತ್ತಾಗಲ್ಲ."

ಆಮೇಲೆ ಚರ್ಚೆ ಜೋರಾಯಿತು, ಒಬ್ಬರು ಎದ್ದು ಹೋದರು, ಕಾಫಿ ಬಂತು. ಆದರೆ ಈ ಇಲಾಖೆಯ ಇಡೀ ಪಾಠ ಪೇದೆಯ ಆ ಮೂರು ಪ್ರಶ್ನೆಯಲ್ಲೇ ಇತ್ತು. ಮನುಷ್ಯ ಹೇಗಿದ್ದ ಅನ್ನೋದು ಠಾಣೆಗೆ ಉಪಯೋಗಕ್ಕೆ ಬರೋ ಮಾಹಿತಿಯಲ್ಲ. ಎಲ್ಲಿ, ಎಷ್ಟು ಹೊತ್ತಿಗೆ, ಏನು ಮಾಡಿದ, ಯಾವ ಗಾಡಿ, ಯಾವ ಕಡೆಗೆ ಹೋದ ಎನ್ನುವುದು ಮಾಹಿತಿ. ನವೆಂಬರಲ್ಲಿ ಕಂಬಳಿ ಮಾರದೆ ಏಪ್ರಿಲ್‌ನಲ್ಲಿ ಮಾರೋಕಾಗುತ್ತಾ?

2018 ನಮ್ಮ ಜನಕ್ಕೆ ಮರೆತೇಹೋಗಿದೆ. ಆ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿ ಬಂದಿದ್ದ ರಾಜಸ್ಥಾನದ ಹುಡುಗನನ್ನು ಮಕ್ಕಳ ಕಳ್ಳ ಅಂತ ಬಡಿದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಇಂಜಿನಿಯರ್ ಒಬ್ಬ ಸತ್ತ. ಅವನ ಜೊತೆಗಿದ್ದವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅಪರಾಧವಾಗಿಹೋಗಿತ್ತು. ವಾಟ್ಸಾಪ್‌ನವರು ಭಾರತದಲ್ಲಿ ಫಾರ್ವರ್ಡ್ ಅನ್ನು ಐದು ಕಡೆಗೆ ಮಾತ್ರ ಅಂತ ಕಟ್ಟಿಹಾಕಿದ್ದು ಆ ಜುಲೈನಲ್ಲೇ. ಎರಡೂ ಸಾವಿನ ಹಿಂದೆ ಇದ್ದದ್ದು "ಹುಷಾರು" ಅನ್ನೋ ಥರದ ಸಂದೇಶ.

"ಹಿಡಿದು ಕಟ್ಟಾಕಿದ್ರೆ ತಪ್ಪೇನು" ಅಂತ ಹಿಂದಿನ ಸಾಲಿನಿಂದ ಒಂದು ದನಿ ಬಂತು. ಸಾರ್ವಜನಿಕರಿಗೂ ಬಂಧಿಸುವ ಅಧಿಕಾರ ಇದೆ, ನಿಜ. ಹಳೆ ಸಿಆರ್‌ಪಿಸಿಯ 43ನೇ ಕಲಂ, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ. ಆದರೆ ಜಾಮೀನುರಹಿತ, ಸಂಜ್ಞೇಯ (ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ) ಅಪರಾಧ ನಿಮ್ಮ ಕಣ್ಣೆದುರೇ ನಡೆದಿರಬೇಕು, ಇಲ್ಲವೇ ಅವನು ನ್ಯಾಯಾಲಯ ಹೆಸರಿಸಿದ ಘೋಷಿತ ಅಪರಾಧಿ ಆಗಿರಬೇಕು. ಹಿಡಿದ ಮೇಲೆ ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು. ಆರು ಗಂಟೆ ಅನ್ನೋ ಮಿತಿ ಹಳೆ ಕಾಯ್ದೆಯಲ್ಲಿ ಇರಲಿಲ್ಲ, 2024ರ ಜುಲೈ 1ರಿಂದ ಬಂದದ್ದು. ಗೇಟಿನ ಮುಂದೆ ನಿಂತದ್ದು ಯಾವ ಕಲಮಿಗೂ ಬರಲ್ಲ. ಹೊಡೆಯೋಕಂತೂ ಯಾವ ಕಲಮೂ ಅಧಿಕಾರ ಕೊಟ್ಟಿಲ್ಲ.

ಅನುಮಾನ ಬಂದರೆ 112. ಗುಂಪಿಗೆ ಹಾಕೋದು ಆಮೇಲೆ, ಹಾಕಲೇಬೇಕಿದ್ದರೆ. 112ಕ್ಕೆ ಮಾಡಿದ ಕರೆ ಮೊದಲು ಹೋಗೋದು ಬೆಂಗಳೂರಿನ ಕೇಂದ್ರಕ್ಕೆ, ಅಲ್ಲಿಂದ ನಮ್ಮ ಜಿಲ್ಲೆಯ ಗಾಡಿಗೆ. ಹಾಗಾಗಿ "ಒಂದನೇ ಕ್ರಾಸ್, ದೇವಸ್ಥಾನದ ಹತ್ರ" ಅಂದರೆ ಪ್ರಯೋಜನವಿಲ್ಲ. ಎಸ್.ಎಸ್.ಪುರಂನಲ್ಲೂ ಒಂದನೇ ಕ್ರಾಸ್, ಜಯನಗರದಲ್ಲೂ ಒಂದನೇ ಕ್ರಾಸ್, ಸರಸ್ವತಿಪುರಂನಲ್ಲೂ ಒಂದನೇ ಕ್ರಾಸ್. ತುಮಕೂರು ಅಂತ ಮೊದಲು ಹೇಳಿ, ಆಮೇಲೆ ಬಡಾವಣೆ, ಮೇನ್, ಕ್ರಾಸ್, ಕೊನೆಗೆ ಗುರುತು. ಹತ್ತಿರದ ಕರೆಂಟ್ ಕಂಬದ ಮೇಲೆ ನಂಬರ್ ಇದ್ದರೆ ಅದನ್ನೂ. ಕರೆ ಮುಗಿದ ಮೇಲೂ ಫೋನ್ ಕೈಯಲ್ಲೇ ಇರಲಿ, ಗಾಡಿಯವರು ಅದೇ ನಂಬರಿಗೆ ವಾಪಸ್ ಮಾಡುತ್ತಾರೆ. ಬೇಕಿದ್ದವರೇ ರಿಸೀವ್ ಮಾಡಲ್ಲ, ಅಪರಿಚಿತ ನಂಬರ್ ಅಂತ.

ಪೇದೆಗೆ ಹೊಸ ಟೋಪಿ. ಅಕ್ಟೋಬರ್ ಕೊನೆಯಲ್ಲಿ ಸರ್ಕಾರ ಕೊಟ್ಟ ಕಡುನೀಲಿ ಪೀಕ್ ಕ್ಯಾಪ್. ಮಡಿಚಿದ ಅಂಚಿನ ಆ ಹಳೆ ಸ್ಲೋಚ್ ಹ್ಯಾಟು ಬಿಸಿಲಿಗೆ ಕಾದು, ಬೈಕಿನಲ್ಲಿ ಹೋದರೆ ಗಾಳಿಗೆ ಹಾರಿ, ಕೊನೆಗೆ ಕೈಯಲ್ಲೇ ಹಿಡ್ಕೊಂಡು ಓಡಾಡೋ ಸಾಮಾನಾಗಿತ್ತು. ಇದು ತಲೆ ಮೇಲೆ ಕೂರುತ್ತೆ. ಸಭೆಯ ಹೆಂಗಸರೆಲ್ಲ ಮೊದಲು ಕೇಳಿದ್ದು ಅದನ್ನೇ. ಗೃಹ ಸಚಿವರು ನಮ್ಮ ಜಿಲ್ಲೆಯವರೇ, ಕೊರಟಗೆರೆ, ಹಾಗಾಗಿ ಟೋಪಿ ಮೊದಲು ಇಲ್ಲಿಗೇ ಬಂತು ಅಂತ ಒಬ್ಬರು ತಮಾಷೆ ಮಾಡಿದರು.

ಇನ್ನು ಕ್ಯಾಮೆರಾ. ಇದರ ಬಗ್ಗೆ ಬರೆಯಲೇಬೇಕು, ಯಾಕಂದರೆ ಪ್ರತಿ ಮನೆಯವರೂ "ನಮ್ಮನೇಲಿ ಸಿಸಿ ಕ್ಯಾಮೆರಾ ಇದೆ" ಅಂತಾರೆ, ಬೇಕಾದಾಗ ಒಂದರಲ್ಲೂ ಏನೂ ಸಿಗಲ್ಲ.

ಮೊದಲನೆಯದು ಎತ್ತರ. ಕದ್ದುಕೊಂಡು ಹೋಗ್ತಾರೆ ಅನ್ನೋ ಭಯಕ್ಕೆ ಮೊದಲ ಮಹಡಿಯ ಸಜ್ಜಾಗೆ ಹಾಕಿಸುತ್ತಾರೆ. ಅಲ್ಲಿಂದ ಕಾಣೋದು ಹೆಲ್ಮೆಟ್ಟಿನ ನೆತ್ತಿ. ಮುಖ ಬೇಕಾದರೆ ಗೇಟಿನ ಹತ್ತಿರ ಎಂಟರಿಂದ ಹತ್ತು ಅಡಿಯೊಳಗೆ ಒಂದು ಇರಬೇಕು, ಮೇಲಿನದು ರಸ್ತೆಯ ಓಡಾಟಕ್ಕೆ. ಎರಡನೆಯದು ರಾತ್ರಿ. ಈಗಿನ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟು ಬೆಳಕನ್ನು ವಾಪಸ್ ಎಸೆಯುತ್ತೆ. ಕ್ಯಾಮೆರಾದ ಇನ್‌ಫ್ರಾರೆಡ್ ಬೆಳಕು ನೇರ ಅದರ ಮೇಲೆ ಬಿದ್ದರೆ ಪ್ಲೇಟ್ ಇರಬೇಕಾದ ಜಾಗದಲ್ಲಿ ಬರೀ ಬಿಳಿ ಚೌಕ. ಸ್ವಲ್ಪ ಓರೆ ಮಾಡಿ, ಇನ್‌ಫ್ರಾರೆಡ್ ಕಡಿಮೆ ಮಾಡಿ, ಬೀದಿದೀಪದ ಬೆಳಕಿನಲ್ಲಿ ಹಿಡಿಯೋ ಹಾಗೆ ಕೂರಿಸಬೇಕು. ಮೂರನೆಯದು ಜೇಡ. ಇನ್‌ಫ್ರಾರೆಡ್ ದೀಪದ ಹತ್ತಿರ ಹುಳ ಬರುತ್ತೆ, ಹುಳಕ್ಕೆ ಜೇಡ ಬರುತ್ತೆ, ಬಲೆ ಲೆನ್ಸಿನ ಮುಂದೆ ಅಲ್ಲಾಡಿ ರಾತ್ರಿಯಿಡೀ ಮೋಷನ್ ಅಲರ್ಟ್. ಹದಿನೈದು ದಿನಕ್ಕೊಮ್ಮೆ ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಯಾರೂ ಒರೆಸಲ್ಲ, ಅಲರ್ಟನ್ನೇ ಆಫ್ ಮಾಡ್ತಾರೆ.

ಎಲ್ಲಕ್ಕಿಂತ ದೊಡ್ಡ ಮೋಸ ಡಿಸ್ಕ್‌ನಲ್ಲಿ. ಲೆಕ್ಕ ಹಾಕೋಣ. ಎರಡು ಮೆಗಾಪಿಕ್ಸೆಲ್ ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಬರೆದರೆ ದಿನಕ್ಕೆ ಸುಮಾರು 21.6 ಜಿಬಿ. ನಾಲ್ಕು ಕ್ಯಾಮೆರಾಗೆ 86 ಜಿಬಿ. ಮಾಮೂಲಿ ಕೊಡೋ 1 ಟಿಬಿ ಡಿಸ್ಕ್ ಹನ್ನೊಂದು ದಿನಕ್ಕೆ ತುಂಬಿ ಹಳೆಯದರ ಮೇಲೇ ಬರೆಯೋಕೆ ಶುರು ಮಾಡುತ್ತೆ. ಊರಿಗೆ ಹೋದವರು ಎರಡು ವಾರ ಬಿಟ್ಟು ಬಂದು, ಬೀಗ ಒಡೆದದ್ದು ನೋಡಿ, ಡಿವಿಆರ್ (ದೃಶ್ಯ ದಾಖಲಿಸೋ ಪೆಟ್ಟಿಗೆ) ತೆಗೆದರೆ ಆ ರಾತ್ರಿಯೇ ಇರಲ್ಲ. 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಒಂದೇ ಹೊತ್ತಿಗೆ 100 ಜನ ಅಥವಾ ದಿನಕ್ಕೆ 500 ಜನ ಬಂದುಹೋಗುವ ಜಾಗಗಳಿಗೆ 30 ದಿನದ ದಾಖಲೆ ಇಡಿ ಅನ್ನುತ್ತೆ. ಅಂದರೆ ಕಲ್ಯಾಣಮಂಟಪ, ದೊಡ್ಡ ಅಂಗಡಿ, ಆಸ್ಪತ್ರೆ. ಮನೆಗೆ ಆ ಕಟ್ಟುಪಾಡಿಲ್ಲ. ಆದರೆ ನಾಲ್ಕು ಕ್ಯಾಮೆರಾಗೆ ತಿಂಗಳು ಬೇಕಾದರೆ 2.6 ಟಿಬಿ ಆಗುತ್ತೆ, 4 ಟಿಬಿ ಡಿಸ್ಕ್ ಹಾಕಿಸಿ, ಇಲ್ಲವೇ ಎರಡೇ ಕ್ಯಾಮೆರಾ, 2 ಟಿಬಿ ಸಾಕು ಅಂತ ತೀರ್ಮಾನಿಸಿ. ಡಿವಿಆರ್ ಟಿವಿ ಕೆಳಗೆ ಇಡಬೇಡಿ, ಬಂದವನು ಅದನ್ನೇ ಮೊದಲು ಎತ್ತಿಕೊಂಡು ಹೋಗುತ್ತಾನೆ. ಕರೆಂಟ್ ಹೋದಾಗ ನಡೆಯೋ ಹಾಗೆ ಯುಪಿಎಸ್‌ಗೆ ಸೇರಿಸಿ.

ಮತ್ತೆ ಗಡಿಯಾರ. ತೋರಿಸಿದ ಒಂದು ದೃಶ್ಯದಲ್ಲಿ ಹೊರಗೆ ಬಿಸಿಲು ಹೊಡೀತಿದೆ, ಪರದೆಯ ಮೂಲೆಯಲ್ಲಿ 02:14. ವರ್ಷ ಬೇರೆ 2000. ಒಳಗಿನ ಬಟನ್ ಸೆಲ್ ಸತ್ತಿದೆ, ಅಷ್ಟೇ. ಆ ಸೆಲ್‌ಗೋಸ್ಕರ ನ್ಯಾಯಾಲಯದಲ್ಲಿ ಎದುರು ವಕೀಲರು ಒಂದು ಗಂಟೆ ಆಟ ಆಡಿಸಬಹುದು. ಈಗಿನ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಡಿಜಿಟಲ್ ದಾಖಲೆಯ ಜೊತೆ ಪ್ರಮಾಣಪತ್ರ ಬೇಕು, ಅದರಲ್ಲಿ ಎರಡು ಭಾಗ: ಸಾಧನ ನೋಡಿಕೊಳ್ಳುವವರದ್ದು ಒಂದು, ತಜ್ಞರದ್ದು ಇನ್ನೊಂದು, ಎರಡರಲ್ಲೂ ಹ್ಯಾಶ್ ಮೌಲ್ಯ, ಅಂದರೆ ಫೈಲಿನ ಡಿಜಿಟಲ್ ಬೆರಳಚ್ಚು. ಹಾಗಾಗಿ ಟಿವಿ ಪರದೆಯನ್ನು ಮೊಬೈಲಲ್ಲಿ ಶೂಟ್ ಮಾಡಿ ಗುಂಪಿಗೆ ಹಾಕಿ "ಸಾಕ್ಷಿ ಕೊಟ್ಟಾಯ್ತು" ಅನ್ನಬೇಡಿ. ಘಟನೆ ತಿಳಿದ ತಕ್ಷಣ ರೆಕಾರ್ಡಿಂಗ್ ನಿಲ್ಲಿಸಿ ಅಥವಾ ಆ ಹೊತ್ತಿನ ಭಾಗವನ್ನು ಲಾಕ್ ಮಾಡಿ, ಗಡಿಯಾರ ಎಷ್ಟು ಹಿಂದೆ ಮುಂದೆ ಇದೆ ಅಂತ ಚೀಟಿಯಲ್ಲಿ ಬರೆದಿಡಿ, ತನಿಖಾಧಿಕಾರಿ ಬರೋವರೆಗೆ ಮುಟ್ಟಬೇಡಿ.

ಸರಗಳ್ಳತನಕ್ಕೆ ಬಂದದ್ದು ಎಂಟು ಗಂಟೆಗೆ, ಎಲ್ಲರಿಗೂ ಊಟದ ಅವಸರ. ರಂಗೋಲಿ ಹೊತ್ತು, ಅಂದರೆ ಬೆಳಗ್ಗೆ ಆರರಿಂದ ಏಳೂವರೆ; ಮತ್ತೆ ಸಂಜೆ ವಾಕಿಂಗ್. ವಿಳಾಸ ಕೇಳೋ ನೆಪದಲ್ಲಿ ಬೈಕ್ ನಿಧಾನ ಮಾಡ್ತಾರೆ, ಒಮ್ಮೆ ಮುಂದೆ ಹೋಗಿ ತಿರುಗಿಸಿಕೊಂಡು ಬರ್ತಾರೆ. ಆ ತಿರುಗೋದನ್ನು ನೋಡಿದವರೇ ಬಚಾವಾಗೋದು. ರಸ್ತೆಯ ಬಲಬದಿಯಲ್ಲಿ, ಗಾಡಿಗಳಿಗೆ ಎದುರಾಗಿ ನಡೆದರೆ ಬೈಕ್ ಹಿಂದಿನಿಂದ ಹತ್ತಿರಕ್ಕೆ ಬರೋದು ಕಷ್ಟ. ಕಸಿದುಕೊಳ್ಳೋದಕ್ಕೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಈಗ ಪ್ರತ್ಯೇಕ ಕಲಮೇ ಇದೆ, 304, ಮೂರು ವರ್ಷದವರೆಗೆ ಶಿಕ್ಷೆ, ಐಪಿಸಿಯಲ್ಲಿ ಇರಲಿಲ್ಲ. ಸರ ಕೈಯಲ್ಲೇ ಉಳಿದರೂ ದೂರು ಕೊಡಿ. ಕೊಡದಿದ್ದರೆ ಆ ಕ್ರಾಸಿನಲ್ಲಿ ಏನೂ ನಡೆದಿಲ್ಲ ಅಂತಲೇ ಠಾಣೆಯ ಲೆಕ್ಕ, ರಾತ್ರಿ ಗಸ್ತು ಬೇರೆ ಕಡೆ ಹೋಗುತ್ತೆ. ರಸ್ತೆಯ ಈ ಬದಿ ಒಂದು ಠಾಣೆ, ಆ ಬದಿ ಇನ್ನೊಂದು ಅನ್ನೋ ತಕರಾರು ಬಂದರೆ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ನೆನಪಿರಲಿ: ವ್ಯಾಪ್ತಿ ಯಾವುದಾದರೂ ದೂರು ತೆಗೆದುಕೊಳ್ಳಬೇಕು. ಎಫ್‌ಐಆರ್ ಪ್ರತಿ ಉಚಿತ.

ಬೀದಿದೀಪದ್ದು ಇನ್ನೂ ಸರಳ, ಆದರೂ ಪ್ರತಿ ಸಭೆಯಲ್ಲೂ "ಲೈಟಿಲ್ಲ" ಅನ್ನೋ ಒಂದೇ ಪದ. ಒಂದೇ ದೀಪ ಆರಿದ್ದರೆ ಆ ದೀಪ ಅಥವಾ ಅದರ ಡ್ರೈವರ್ (ದೀಪಕ್ಕೆ ಕರೆಂಟ್ ಹದ ಮಾಡಿ ಕೊಡೋ ಭಾಗ) ಹೋಗಿದೆ. ಸಾಲಿಗೆ ಸಾಲೇ ಆರಿದ್ದರೆ ಸ್ವಿಚ್ ಪೆಟ್ಟಿಗೆಯ ಫ್ಯೂಸ್ ಅಥವಾ ಟೈಮರ್. ದೀಪ ಉರೀತಿದ್ದೂ ಕೆಳಗೆ ಕತ್ತಲಿದ್ದರೆ ಹೊಂಗೆ ಕೊಂಬೆ. ಮೂರಕ್ಕೂ ಬರೋ ಜನ ಬೇರೆ, ಏಣಿ ಬೇರೆ. ಟೈಮರ್ ಕಥೆ ಈ ತಿಂಗಳಿನದು: ಜೂನ್, ಜುಲೈನಲ್ಲಿ ಇಲ್ಲಿ ಸೂರ್ಯ ಮುಳುಗೋದು ಆರೂಮುಕ್ಕಾಲಿನ ಹತ್ತಿರ, ನವೆಂಬರಲ್ಲಿ ಆರಕ್ಕೆ ಮುಂಚೆಯೇ. ಮಳೆಗಾಲದ ಸಮಯಕ್ಕೆ ಕೂರಿಸಿದ ಟೈಮರನ್ನು ತಿರುಗಿಸದಿದ್ದರೆ, ಟ್ಯೂಷನ್ ಮುಗಿಸಿಕೊಂಡು ಹುಡುಗೀರು ವಾಪಸ್ ಬರೋ ಹೊತ್ತು ಪೂರ್ತಿ ಕತ್ತಲು. ಕಂಬದ ನಂಬರ್ ಬರೆದುಕೊಂಡು, ಎಷ್ಟು ಹೊತ್ತಿಗೆ ಹತ್ತಿತು ಅಂತ ಪಕ್ಕದಲ್ಲಿ ಹಾಕಿಕೊಟ್ಟರೆ ದೂರು ಓಡುತ್ತೆ.

ಸಭೆಯ ನಡಾವಳಿ ಪುಸ್ತಕ ಯಾರು ಬರೆಯೋದು ಅನ್ನೋದೇ ಇತ್ಯರ್ಥವಾಗಲಿಲ್ಲ. 2017ರಲ್ಲಿ ರಾಜ್ಯದಲ್ಲಿ ಹೊಸ ಬೀಟ್ ವ್ಯವಸ್ಥೆ ತಂದಾಗ ಒಬ್ಬೊಬ್ಬ ಪೇದೆಗೂ ಒಂದೊಂದು ಪ್ರದೇಶ, ಅಲ್ಲಿಯ ಜನರಿಂದಲೇ ಸದಸ್ಯರು ಅಂತ ಮಾಡಿದರು. ಈ ವರ್ಷದ ಜುಲೈಯಲ್ಲಿ 'ಮನೆ ಮನೆಗೆ ಪೊಲೀಸ್' ಬಂತು. ಹಬ್ಬದ ಮುಂಚೆ ಕರೆಯೋ ಶಾಂತಿ ಸಭೆ ಬೇರೆ, ಇದು ಬೇರೆ. ಶಾಂತಿ ಸಭೆಗೆ ಶಾಲು ಹೊದ್ದವರು ಬರ್ತಾರೆ, ಇದಕ್ಕೆ ಹಾಲಿನ ಬೂತಿನವರು, ಇಸ್ತ್ರಿಯವರು, ಪೇಪರ್ ಹುಡುಗ ಬರಬೇಕು. ಬೆಳಗಿನ ಜಾವ ನಾಲ್ಕೂವರೆಗೆ ಬೀದಿಯಲ್ಲಿ ಎಚ್ಚರ ಇರೋರು ಅವರೇ. ಇವತ್ತು ಆ ಮೂವರಲ್ಲಿ ಒಬ್ಬರೂ ಇರಲಿಲ್ಲ, ಯಾರೂ ಕರೆದಿರಲೂ ಇಲ್ಲ. ಹಳೇ ಪಾಯಿಂಟ್ ಪುಸ್ತಕದಲ್ಲಿ ಪೇದೆ ರಾತ್ರಿ ಬಂದು ಸಹಿ ಹಾಕಿ ಹೋಗುತ್ತಿದ್ದರು, ದಾರದಲ್ಲಿ ಕಟ್ಟಿದ ಆ ಪುಸ್ತಕ ಕೆಲವು ದೇವಸ್ಥಾನದ ಕಿಟಕಿಯಲ್ಲಿ ಇನ್ನೂ ನೇತಾಡ್ತಿದೆ. ಸಭೆಯ ನಡಾವಳಿಗೂ ಅಷ್ಟೇ ಒರಟು ಪುಸ್ತಕ ಸಾಕು: ದಿನಾಂಕ, ಜಾಗ, ಸಮಸ್ಯೆ, ಯಾರು ಮಾಡಬೇಕು, ಯಾವಾಗೊಳಗೆ, ಆಯ್ತಾ. ಕೊನೆಯ ಕಾಲಮ್ ಮಾತ್ರ ಎಲ್ಲಾ ಕಡೆ ಖಾಲಿ.

ಎಲ್ಲ ಏಳೋ ಹೊತ್ತಿಗೆ ಗೇಟಿನ ಪ್ರಸ್ತಾಪ ಬಂತು. ಮೇನ್ ರೋಡಿಗೆ ಸೇರೋ ಎರಡೂ ಬಾಯಿಗೆ ಕಬ್ಬಿಣದ ಗೇಟ್, ರಾತ್ರಿ ಹತ್ತಕ್ಕೆ ಬೀಗ. ಚಪ್ಪಾಳೆ ಬಿತ್ತು. ಅದು ಪಾಲಿಕೆಯ ರಸ್ತೆ, ಅನುಮತಿ ಇಲ್ಲದೆ ಮುಚ್ಚೋಕೆ ಬರಲ್ಲ ಅಂತ ಪೇದೆ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ರಾತ್ರಿ ಎರಡಕ್ಕೆ 108 ಬಂದರೆ, ಅಗ್ನಿಶಾಮಕದ ಗಾಡಿ ಬಂದರೆ ಬೀಗದ ಕೈ ಯಾರ ಹತ್ರ ಅಂತ ಕೇಳಿದ್ದಕ್ಕೆ ಇಬ್ಬರ ಹೆಸರು ಬಂತು. ಒಬ್ಬರು ವಾರದಲ್ಲಿ ನಾಲ್ಕು ದಿನ ಬೆಂಗಳೂರಲ್ಲಿರ್ತಾರೆ. ಇನ್ನೊಬ್ಬರು ರಾತ್ರಿ ಫೋನ್ ಸೈಲೆಂಟ್ ಮಾಡಿ ಮಲಗೋರು, ಅದನ್ನು ಅವರೇ ಹೇಳಿದರು. ಹಾಗಿದ್ದ ಮೇಲೆ ಮೂರನೇ ಕೈ ಹಾಲಿನ ಬೂತಿನವರ ಹತ್ತಿರ ಇರಲಿ ಅಂದರೆ, "ಅವರು ಬಾಡಿಗೆಯವರಲ್ವಾ" ಅಂತ ಯಾರೋ ಅಂದರು.