ಕೆರೆಯಲ್ಲಿ ಹಸಿರು ಕೂದಲು: ಮೈಲುತುತ್ತ ಹಾಕಬಹುದಾ?

ಬೇಸಿಗೆ ಹತ್ತಿರ ಬಂತೆಂದರೆ ತೀರ್ಥಹಳ್ಳಿ ಕಡೆಯ ನೆಂಟರೆಲ್ಲ ನನ್ನನ್ನು ಕೇಳುವುದು ಇದನ್ನೇ. "ತೋಟದ ಕೆರೆ ತುಂಬಾ ಕೂದಲಿನ ಹಾಗೆ ಪಾಚಿ ಬಂದಿದೆ. ನೀರು ಕೆಟ್ಟಿದೆಯಾ? ಅಡಿಕೆಗೆ ಹೊಡೆದು ಉಳಿದ ಮೈಲುತುತ್ತ ಮನೆಯಲ್ಲೇ ಇದೆ, ಹಾಕಿಬಿಡ್ಲಾ?"

ಮೈಲುತುತ್ತ ಅಂದರೆ ಕಾಪರ್ ಸಲ್ಫೇಟ್, ಹಾಕಬೇಡಿ. ಮೊದಲು ಒಂದು ಕೋಲಿನಲ್ಲಿ ಅದನ್ನು ಎತ್ತಿ ನೋಡಿ.

ಉದ್ದ ಎಳೆಗಳಾಗಿ ಜೋತುಬಿದ್ದು, ಬೆರಳಿಗೆ ಬೆಂಡೆಕಾಯಿ ಲೋಳೆಯ ಹಾಗೆ ಜಾರಿದರೆ ಅದು ಹೆಚ್ಚಾಗಿ ಸ್ಪೈರೋಗೈರಾ ಎಂಬ ಪಾಚಿ. ಪಿಯುಸಿಯಲ್ಲಿ ಚಿತ್ರ ಬರೆದವರಿಗೆ ನೆನಪಿರಬಹುದು. ಆದರೆ ಆ ಚಿತ್ರ ಏನೂ ಅಲ್ಲ, ಮೈಕ್ರೋಸ್ಕೋಪಿನಲ್ಲೇ ನೋಡಬೇಕು. ಕವಲಿಲ್ಲದ ಎಳೆ, ಗಾಜಿನ ಕೊಳವೆಗಳನ್ನು ತುದಿಗೆ ತುದಿ ಜೋಡಿಸಿದಂತೆ ಕೋಶಗಳು. ಪ್ರತಿ ಕೋಶದ ಒಳಗೂ ಜಡೆಗೆ ಸುತ್ತಿದ ಹಾಗೆ ಹಸಿರು ರಿಬ್ಬನ್. ಕೆಲವು ಜಾತಿಗಳಲ್ಲಿ ಒಂದೇ ಒಂದು, ಕೆಲವದರಲ್ಲಿ 16ರವರೆಗೂ. ಬಿಸಿಲು ಹಿಡಿದು ಆಹಾರ ಮಾಡುವುದು ಆ ರಿಬ್ಬನ್ನೇ.

ಬೆಳಿಗ್ಗೆ ತಳದಲ್ಲಿದ್ದ ಪಾಚಿ ಮಧ್ಯಾಹ್ನ ಮೇಲೆ ತೇಲುವುದನ್ನು ನೋಡಿದ್ದೀರಲ್ವಾ? ಅದು ಬಿಡುವ ಆಮ್ಲಜನಕದ ಗುಳ್ಳೆಗಳು ಎಳೆಗಳ ನಡುವೆ ಸಿಕ್ಕಿಕೊಂಡು ಅದನ್ನೇ ಮೇಲಕ್ಕೆತ್ತುತ್ತವೆ.

ಕಷ್ಟಕಾಲಕ್ಕೂ ಅದು ತಯಾರಿ ಮಾಡಿಕೊಳ್ಳುತ್ತದೆ. ಎರಡು ಎಳೆಗಳು ಪಕ್ಕಪಕ್ಕ ಬಂದು, ನಡುವೆ ಏಣಿಯ ಮೆಟ್ಟಿಲಿನಂತೆ ಕೊಳವೆ ಬೆಳೆಸುತ್ತವೆ. ಒಂದು ಕೋಶದ ಜೀವರಸವೆಲ್ಲ ಇನ್ನೊಂದಕ್ಕೆ ಹರಿದು, ದಪ್ಪ ಸಿಪ್ಪೆಯ ಉಂಡೆಯಾಗುತ್ತದೆ. ಕೆರೆ ಬತ್ತಿದರೂ ಅದು ಕೆಸರಲ್ಲಿ ಕಾದಿದ್ದು, ನೀರು ಬಂದಾಗ ಮೊಳೆಯುತ್ತದೆ. ಒಂದು ವರ್ಷ ಕಾಣಲಿಲ್ಲ ಅಂದರೆ ಹೋಯ್ತು ಅಂತಲ್ಲ.

ಮೈಲುತುತ್ತಕ್ಕೆ ಪಾಚಿ ಸಾಯುತ್ತದೆ, ನಿಜ. ಮೀನೂ ಸಾಯುತ್ತದೆ. ಸತ್ತ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕ ಖಾಲಿಯಾಗಿ, ಉಳಿದ ಮೀನಿಗೂ ಉಸಿರು ಕಟ್ಟುತ್ತದೆ. ಪಾಚಿ ಬಂದ ಮಾತ್ರಕ್ಕೆ ನೀರು ಕೆಟ್ಟಿಲ್ಲ. ತೀರಾ ಜಾಸ್ತಿ ಬಂದರೆ ಕೊಟ್ಟಿಗೆಯ ನೀರೋ ತೋಟದ ಗೊಬ್ಬರವೋ ಕೆರೆಗೆ ಸೇರುತ್ತಿದೆಯಾ ನೋಡಿ. ಆ ನೀರನ್ನು ಬೇರೆ ಕಡೆ ತಿರುಗಿಸಿ.

ಒಂದು ಎಚ್ಚರ. ಕೋಲಿಗೆ ಎಳೆ ಸಿಗದೆ, ಹಸಿರು ಪೇಂಟ್ ಚೆಲ್ಲಿದ ಹಾಗೆ ನೀರಿನ ಮೇಲೆ ಹರಡಿದ್ದರೆ ಅದು ನೀಲಿಹಸಿರು ಪಾಚಿ ಇರಬಹುದು. ಅದರಲ್ಲಿ ಕೆಲವು ವಿಷ. ದನಕರು ಆ ನೀರು ಕುಡಿಯದಂತೆ ನೋಡಿಕೊಳ್ಳಿ.

ಎಳೆಎಳೆಯಾಗಿ ಬರುವ ಪಾಚಿಯಾದರೆ ಸುಮ್ನೆ ಕೋಲಿಗೆ ಸುತ್ತಿ ಎಳೆದು ಗೊಬ್ಬರದ ಗುಂಡಿಗೆ ಹಾಕಿ, ಸಾಕು. ಹಾಕುವ ಮೊದಲು ಒಮ್ಮೆ ಬಿಡಿಸಿ ನೋಡಿ. ಗೊದಮೊಟ್ಟೆಗಳು ಸಿಕ್ಕಿಕೊಂಡಿರುತ್ತವೆ, ಅವನ್ನು ನೀರಿಗೆ ಬಿಡಿ.