ಪ್ಲಾಯಾ ಧೂಳು ಮತ್ತು ಲ್ಯಾಪ್‌ಟಾಪ್

ಅಮೆರಿಕದ ನೆವಾಡಾದ ಬರ್ನಿಂಗ್ ಮ್ಯಾನ್ ಉತ್ಸವಕ್ಕೆ ಲ್ಯಾಪ್‌ಟಾಪ್ ಒಯ್ಯುವ ಗೆಳೆಯರೇ, ಅದು ನಡೆಯುವ ಬ್ಲ್ಯಾಕ್ ರಾಕ್ ಮರುಭೂಮಿಯಲ್ಲಿರುವುದು ಮರಳಲ್ಲ. ಸಾವಿರಾರು ವರ್ಷಗಳ ಹಿಂದೆ ಬತ್ತಿದ ಲಾಹೊಂಟಾನ್ ಸರೋವರದ ತಳದ (ಇಂಥ ಒಣ ತಳಕ್ಕೇ ಪ್ಲಾಯಾ ಅನ್ನುವುದು) ಮಣ್ಣು. ಮೈದಾ ಹಿಟ್ಟಿನಷ್ಟು ನುಣುಪು, ಜೊತೆಗೆ ಕ್ಷಾರ. ಬರಿಗಾಲಲ್ಲಿ ಓಡಾಡಿದರೆ ಪಾದವೇ ಬಿರಿಯುತ್ತದೆ. ಒಂದು ಕಾಲದಲ್ಲಿ ಮೀನು ಈಜಾಡಿದ ನೆಲ ಈಗ ಗಾಳಿಯಲ್ಲಿ ಹಾರಿ ಕೀಬೋರ್ಡ್ ಸೇರುತ್ತದೆ. ನೆನೆದರೆ ಮನಸ್ಸು ಒಂದು ಕ್ಷಣ ನಿಂತುಬಿಡುತ್ತದೆ, ಅಲ್ವಾ?

ಜಾಸ್ತಿ ಅಪಾಯ ಫ್ಯಾನ್‌ನಿಂದ. ಗಾಳಿಯ ಜೊತೆ ಧೂಳನ್ನೂ ಒಳಗೆ ಎಳೆಯುತ್ತದೆ. ಅದಕ್ಕೇ ಫ್ಯಾನ್ ಇಲ್ಲದ್ದೇ ವಾಸಿ. ಎಂ1 ಚಿಪ್‌ನ ಮ್ಯಾಕ್‌ಬುಕ್ ಏರ್ ಅಂಥದ್ದು. ಪೋರ್ಟ್‌ಗಳಿಗೆ ಟೇಪ್ ಹಚ್ಚಿ, ಕೀಬೋರ್ಡ್‌ಗೆ ಸಿಲಿಕೋನ್ ಹೊದಿಕೆ ಹಾಕಿ. ಕೆಲಸ ಮುಗಿದರೆ ಶಟ್‌ಡೌನ್ ಮಾಡಿ, ತಣ್ಣಗಾದ ಮೇಲೆ ಜಿಪ್‌ಲಾಕ್ ಚೀಲಕ್ಕೆ. ಆನ್ ಇರುವಾಗ ಚೀಲದೊಳಗೆ ಇಡಲೇಬೇಡಿ, ಬಿಸಿ ಹೊರಗೆ ಹೋಗುವುದಿಲ್ಲ. ಪರದೆಯನ್ನು ಒಣ ಬಟ್ಟೆಯಿಂದ ಉಜ್ಜಿದರೆ ಗೀರು ಬೀಳುತ್ತದೆ. ಮೊದಲು ಧೂಳು ಊದಿ ತೆಗೆಯಿರಿ.

ಕ್ಯಾಂಪ್‌ನ ದೀಪ, ಸಂಗೀತ ನಡೆಸುವವರಿಗೆ ಲ್ಯಾಪ್‌ಟಾಪ್ ಬೇಕೇ ಬೇಕು. ಆ ಧೂಳಲ್ಲೂ ರಾತ್ರಿಯಿಡೀ ದುಡಿಯುವ ಅವರನ್ನು ಕಂಡರೆ ನನಗೆ ತುಂಬಾ ಗೌರವ. ಸುಮ್ನೆ ಫೋಟೊ ಹಾಕಿಕೊಳ್ಳೋಕೆ ಅಂತಾದರೆ ಮನೆಯಲ್ಲೇ ಬಿಟ್ಟು ಹೋಗಿ. ಒಂದೆರಡು ಮೆಮೊರಿ ಕಾರ್ಡ್ ಸಾಕು.