ಹಳೆಯ ಫೋಟೊ ಹಿಡಿದು ಕೊಡಗಿನಲ್ಲಿ

ಹಳೆಯ ಫೋಟೊಗಳಲ್ಲಿ ಮಡಿಕೇರಿಗೆ ಮಳೆಯೇ ಬರುವುದಿಲ್ಲ. ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರು ಇದು. ಆದರೆ ನೂರೈವತ್ತು ವರ್ಷ ಹಿಂದಿನ ಯಾವ ಚಿತ್ರ ತೆಗೆದು ನೋಡಿ, ಆಕಾಶ ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗೆ, ಒಂದು ಮೋಡವೂ ಇಲ್ಲ. ಅಂದಿನ ಗಾಜಿನ ಪ್ಲೇಟುಗಳಿಗೆ ನೀಲಿ ಬೆಳಕು ಮಾತ್ರ ಚೆನ್ನಾಗಿ ತಾಗುತ್ತಿತ್ತು. ನೀಲಿ ಆಕಾಶವೂ ಬಿಳಿ ಮೋಡವೂ ಒಂದೇ ಬಿಳಿಯಾಗಿ ಕಲೆಸಿಹೋಗುತ್ತಿದ್ದವು. ಅದಲ್ಲದೆ ಜುಲೈ ತಿಂಗಳಲ್ಲಿ ಗಾಜು, ರಾಸಾಯನಿಕ, ಕತ್ತಲ ಡೇರೆ ಎಲ್ಲವನ್ನೂ ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಈ ಘಟ್ಟ ಹತ್ತುವ ಮನಸ್ಸು ಯಾರಿಗಿರುತ್ತದೆ? ಫೋಟೊಗ್ರಾಫರುಗಳು ಬೇಸಿಗೆಯಲ್ಲಿ ಬಂದರು, ಬಿಸಿಲಿನ ಕೊಡಗನ್ನು ತೆಗೆದುಕೊಂಡು ಹೋದರು.

ನಾವು ಹೋದದ್ದು ಸೆಪ್ಟೆಂಬರಿನಲ್ಲಿ, ಕೈಲ್‌ಪೊಳ್ದ್ ಹಬ್ಬ ಮುಗಿದ ಮೇಲೆ. ಬ್ಯಾಗಿನಲ್ಲಿ ಹಳೆಯ ಚಿತ್ರಗಳ ಪ್ರಿಂಟುಗಳು, ಅವುಗಳ ಮೇಲೊಂದು ಪ್ಲಾಸ್ಟಿಕ್ ಕವರು. ಜೊತೆಗಿದ್ದ ಗೆಳೆಯ ಮೈಸೂರಿನಲ್ಲಿ ಮದುವೆ ಫೋಟೊ ತೆಗೆಯುವವನು. ಅವನಿಗೆ ಇತಿಹಾಸ ಅಷ್ಟಕ್ಕಷ್ಟೆ. ಆದರೆ ಯಾವ ಫೋಟೊ ಕೊಟ್ಟರೂ ಕ್ಯಾಮೆರಾ ಎಲ್ಲಿ ನಿಂತಿತ್ತು, ಬೆಳಕು ಯಾವ ಕಡೆಯಿಂದ ಬಿದ್ದಿತ್ತು ಅಂತ ಕ್ಷಣದಲ್ಲಿ ಹೇಳಬಲ್ಲ. ಹಳೆಯ ಚಿತ್ರಗಳನ್ನು ಗತಕಾಲದ ಕಿಟಕಿ ಅನ್ನುತ್ತಾರಲ್ಲ, ಆ ಕಿಟಕಿಯನ್ನು ಯಾರ ಮನೆಯ ಗೋಡೆಯಲ್ಲಿ ಕೊರೆದಿದ್ದಾರೆ ಅನ್ನುವುದೇ ನನ್ನ ಕುತೂಹಲ. ಅದಕ್ಕೆ ಇವನಿಗಿಂತ ಒಳ್ಳೆಯ ಜೊತೆ ಸಿಗಲಾರದು.

ಮೊದಲು ಕೋಟೆ. ಹದಿನೇಳನೇ ಶತಮಾನದಲ್ಲಿ ಮುದ್ದುರಾಜ ಕಟ್ಟಿಸಿದ್ದು ಮಣ್ಣಿನ ಕೋಟೆ. ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಹೆಸರಿಟ್ಟವನು ಟಿಪ್ಪು. ಒಳಗಿನ ಅರಮನೆ ಲಿಂಗರಾಜೇಂದ್ರನ ಕಾಲದ್ದು, 1812ರಿಂದ 1814ರ ನಡುವೆ ಕಟ್ಟಿದ್ದು. ಅಂಗಳದ ಮೂಲೆಯಲ್ಲಿ ನಿಜದ ಆನೆಯಷ್ಟೇ ಎತ್ತರದ ಎರಡು ಗಾರೆಯ ಆನೆಗಳಿವೆ. ಬಂದವರೆಲ್ಲ ಅವುಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ನಾವೂ ತೆಗೆಸಿಕೊಂಡೆವು.

ನನ್ನ ಹತ್ತಿರ ಇದ್ದ ಪ್ರಿಂಟು ಹತ್ತೊಂಬತ್ತನೇ ಶತಮಾನದ್ದು, ಎದುರಿನ ಗುಡ್ಡದಿಂದ ಕೋಟೆಯನ್ನು ತೆಗೆದದ್ದು. ಗೆಳೆಯ ಅದನ್ನು ಹಿಡಿದುಕೊಂಡು ರಸ್ತೆ ದಾಟಿದ, ಒಂದು ಲಾಡ್ಜಿನ ಪಕ್ಕದ ಮೆಟ್ಟಿಲು ಹತ್ತಿದ, ಇಳಿದ, ಮತ್ತೆ ಹತ್ತಿದ. ಕಡೆಗೆ ಯಾರದೋ ತಾರಸಿಯ ಮೇಲೆ, ಒಣಹಾಕಿದ ಬಟ್ಟೆಗಳ ನಡುವೆ ನಿಂತು "ಇಲ್ಲೇ ಎಲ್ಲೋ" ಅಂದ. ಮನೆಯವರು ಬೈಯಲಿಲ್ಲ, ಪ್ರಿಂಟು ಇಸಿದುಕೊಂಡು ತಾವೂ ನೋಡಿದರು. ಕೋಟೆ ಗೋಡೆ ಸರಿಯಾಗಿ ಕೂತಿತು. ಕೂಡದೆ ಹೋದದ್ದು ಗುಡ್ಡಗಳು. ಚಿತ್ರದಲ್ಲಿ ಸುತ್ತಲಿನ ಗುಡ್ಡಗಳು ಬೋಳು, ಹುಲ್ಲು ಬಿಟ್ಟರೆ ಅಲ್ಲೊಂದು ಇಲ್ಲೊಂದು ಮರ. ಕಣ್ಣೆದುರಿಗೆ ಇದ್ದದ್ದು ಮನೆಗಳು, ಮನೆಗಳ ಹಿಂದೆ ಮರಗಳು, ಅವುಗಳಲ್ಲಿ ಎದ್ದು ಕಾಣುವುದು ನೆಟ್ಟಗೆ ನಿಂತ ಸಿಲ್ವರ್ ಓಕ್. ಹಿಂದೆ ಎಲ್ಲ ಕಾಡಿತ್ತು, ಈಗ ಬೋಳಾಗಿದೆ ಅನ್ನುವ ಮಾತು ನಮಗೆಲ್ಲ ಬಾಯಿಪಾಠ. ಕೊಡಗಿನ ಎಷ್ಟೋ ಕಡೆ ಅದು ನಿಜವೂ ಹೌದು. ಈ ಒಂದು ಕೋನದಿಂದ ಮಾತ್ರ ಅದು ತಿರುಗುಮುರುಗು. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿ ಬಳಿ ಮೊದಲ ಯುರೋಪಿಯನ್ ಕಾಫಿ ತೋಟ ಮಾಡಿದ. ಆಮೇಲೆ ಬಂದ ತೋಟಗಳಿಗೆ ನೆರಳು ಬೇಕಾಯಿತು. ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ನೆರಳಿಗೂ ಆಯಿತು, ಮೆಣಸಿನ ಬಳ್ಳಿ ಹಬ್ಬಿಸುವುದಕ್ಕೂ ಆಯಿತು. ಪ್ರವಾಸಿಗರು ಇಂದು 'ಹಸಿರು ಕೊಡಗು' ಅಂತ ಮೆಚ್ಚುವ ಹಸಿರಿನಲ್ಲಿ ಒಂದು ದೊಡ್ಡ ಪಾಲು ಫೋಟೊಗ್ರಾಫಿಗಿಂತ ಈಚಿನದು.

ಕೋಟೆಯೊಳಗಿನ ಇಂಗ್ಲಿಷರ ಇಗರ್ಜಿ ಈಗ ಮ್ಯೂಸಿಯಂ. ಕಿಟಕಿಯ ಬಣ್ಣದ ಗಾಜುಗಳನ್ನು ನೋಡಿ ಹೊರಬಂದೆವು. ಓಂಕಾರೇಶ್ವರದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. 1820ರ ಈ ಗುಡಿಗೆ ನಡುವೆ ಗುಮ್ಮಟ, ಮೂಲೆಗಳಲ್ಲಿ ಮಿನಾರು, ಎದುರಿಗೆ ಕೆರೆ. ಅಂದಿನ ಕ್ಯಾಮೆರಾ ನಿಂತದ್ದೂ ಕೆರೆಯ ಇದೇ ದಂಡೆಯ ಮೇಲೆ, ಇಂದಿನ ಸೆಲ್ಫಿಯೂ ಇಲ್ಲೇ. ಗುಡಿಯೇ ಆ ಜಾಗಕ್ಕೆ ನಮ್ಮನ್ನು ತಂದು ನಿಲ್ಲಿಸುತ್ತದೆ ಅನ್ನಿಸಿತು.

ಪ್ರಿಂಟುಗಳಲ್ಲಿ ಒಂದು ಮಾತ್ರ ಫೋಟೊ ಅಲ್ಲ, ತೈಲಚಿತ್ರ. 1852ರಲ್ಲಿ ವಿಂಟರ್‌ಹಾಲ್ಟರ್ ಬರೆದ ಗೌರಮ್ಮನ ಚಿತ್ರ. ಆಗ ಅವಳಿಗೆ ಹನ್ನೊಂದರ ಪ್ರಾಯ. ಹೋಟೆಲಿನಲ್ಲಿ ನೂಲ್‌ಪುಟ್ಟು ಬರುವ ತನಕ ಅದು ಮೇಜಿನ ಮೇಲಿತ್ತು. ಬಡಿಸಲು ಬಂದವರು ಬಗ್ಗಿ ನೋಡಿ, "ಇದು ನಮ್ಮ ರಾಜನ ಮಗಳಲ್ವಾ? ವಾಟ್ಸಾಪಲ್ಲಿ ಬಂದಿತ್ತು" ಅಂದರು. ಹೌದು, ಕೊನೆಯ ದೊರೆ ಚಿಕ್ಕವೀರರಾಜೇಂದ್ರನ ಮಗಳು. 1834ರಲ್ಲಿ ಇಂಗ್ಲಿಷರು ಅವನನ್ನು ಪಟ್ಟದಿಂದ ಇಳಿಸಿ ಕಾಶಿಗೆ ಕಳಿಸಿದರು. ಗೌರಮ್ಮ ಹುಟ್ಟಿದ್ದು ಅಲ್ಲೇ, 1841ರಲ್ಲಿ. ಅಪ್ಪನ ಜೊತೆ ಇಂಗ್ಲೆಂಡಿಗೆ ಹೋದಳು, ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ಅವಳಿಗೆ ದೀಕ್ಷಾಸ್ನಾನವಾಯಿತು, ಚಿತ್ರ ಬರೆಸಿದ್ದೂ ರಾಣಿಯೇ. 1864ರಲ್ಲಿ ತೀರಿಕೊಂಡಳು. ಕೊಡಗಿನ ಹೆಸರಿನಲ್ಲಿ ಪ್ರಪಂಚ ಸುತ್ತುತ್ತಿರುವ ಅತ್ಯಂತ ಪ್ರಸಿದ್ಧ ಮುಖ ಕೊಡಗನ್ನು ಒಮ್ಮೆಯೂ ನೋಡಿದ್ದಲ್ಲ. ಒಡವೆಗಳ ನಡುವೆ ಇರುವ ಆ ಮುಖ ನನಗೆ ಚಂದ ಅನ್ನಿಸುವುದಕ್ಕಿಂತ ಸಂಕಟ ತರಿಸುವುದೇ ಹೆಚ್ಚು.

ಜನರಲ್ ತಿಮ್ಮಯ್ಯನವರ ಮನೆ 'ಸನ್ನಿ ಸೈಡ್' 2021ರ ಫೆಬ್ರವರಿಯಿಂದ ವಸ್ತುಸಂಗ್ರಹಾಲಯ. ಉದ್ಘಾಟಿಸಿದ್ದು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್. ಮಡಿಕೇರಿಯ ಹುಡುಗನೊಬ್ಬ ಕೊರಿಯಾ ಯುದ್ಧಕೈದಿಗಳ ಆಯೋಗದ ಅಧ್ಯಕ್ಷನಾಗಿ, ಕಡೆಗೆ 1965ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆ ನಡೆಸುತ್ತಲೇ ತೀರಿಕೊಂಡದ್ದನ್ನು ಫೋಟೊಗಳ ಜಾಡಿನಲ್ಲೇ ನೋಡುತ್ತಾ ಹೋಗಬಹುದು. ಮಕ್ಕಳನ್ನು ಕರೆದುಕೊಂಡು ಹೋಗುವವರು ಅರ್ಧ ದಿನ ಇಟ್ಟುಕೊಳ್ಳಿ, ಟ್ಯಾಂಕು ಹತ್ತಬೇಕೆಂದು ಹಟ ಮಾಡುತ್ತಾರೆ.

ಮರುದಿನ ನಾಪೋಕ್ಲು ಮೇಲೆ ಕಕ್ಕಬ್ಬೆಗೆ. ಬಸ್ಸಿನ ಗಾಜಿನ ಮೇಲೆ ಮಳೆನೀರು, ಹೊರಗಿನದೇನೂ ಕಾಣದು. ತಡಿಯಂಡಮೋಳ್ ಬೆಟ್ಟದ ಬುಡದಲ್ಲಿರುವ ನಾಲ್ಕುನಾಡು ಅರಮನೆಯನ್ನು ದೊಡ್ಡವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದವನಿಗೆ ಅಡಗಲು ಇಂಥ ಜಾಗವೇ ಬೇಕಿತ್ತು. ಹೆಂಚಿನ ಮನೆ, ಕೆತ್ತಿದ ಮರದ ಕಂಬಗಳು, ಒಳಗೆ ಕತ್ತಲೆ ಕೋಣೆಗಳು. ಗೋಡೆಯ ಮೇಲೆ ಮಾಸಿದ ಬಣ್ಣದ ಚಿತ್ರಗಳಿವೆ. ಕ್ಯಾಮೆರಾ ಬರುವ ಮುಂಚೆ ಕೊಡಗಿನ ದೊರೆಗಳು ತಮ್ಮ ಮನೆಯಲ್ಲೇ ಬರೆಸಿಕೊಂಡವು. ಅವುಗಳ ಮೇಲೆ ಬಂದವರು ಹೋದವರು ತಮ್ಮ ಹೆಸರು ಕೊರೆದಿದ್ದಾರೆ, ಹೃದಯದ ಗುರುತು ಬೇರೆ. ಇದರ ಬಗ್ಗೆ ಬರೆದರೆ ಬೈಗುಳವೇ ಬರುತ್ತದೆ, ಬಿಡಿ.

ಕಕ್ಕಬ್ಬೆಗೆ ಹೋದ ನಿಜವಾದ ಕಾರಣ ಒಂದು ಐನ್‌ಮನೆ, ಅಂದರೆ ಕೊಡವ ಮನೆತನವೊಂದರ ಮೂಲಮನೆ. ಗೆಳೆಯ ಆ ಒಕ್ಕದ (ಮನೆತನದ) ಮದುವೆಯೊಂದಕ್ಕೆ ಫೋಟೊ ತೆಗೆದಿದ್ದ, ಆ ಪರಿಚಯ. ಮನೆಯವರು ಬೇಡ ಅಂದದ್ದರಿಂದ ಮನೆತನದ ಹೆಸರು ಬರೆಯುತ್ತಿಲ್ಲ. ಮೆಟ್ಟಿಲು ಹತ್ತಿದರೆ ಕೈಯಾಲೆ ಎಂಬ ಜಗಲಿ, ಕಂಬಗಳ ನಡುವೆ ಕೂತು ಕೂತು ನುಣುಪಾದ ಮರದ ಹಲಗೆ ಐಮರ, ಒಳಗೆ ದೀಪ ಉರಿಯುವ ನಡುಮನೆ, ನೆಲ್ಲಕ್ಕಿ ನಡುಬಾಡೆ. ಅಜ್ಜಿ ಕಾಫಿ ಕೊಟ್ಟ ಮೇಲೆಯೇ ಮಾತಿಗೆ ಕೂತರು.

ನಾನು ಬ್ಯಾಗಿನಿಂದ 'ದಿ ಪೀಪಲ್ ಆಫ್ ಇಂಡಿಯಾ' ಸಂಪುಟದ ಕೊಡವರ ಫೋಟೊ ತೆಗೆದೆ. 1857ರ ದಂಗೆಯ ನಂತರ ತಾವು ಆಳುವ ಜನ ಯಾರು ಎಂದು ತಿಳಿಯುವ ಆತುರದಲ್ಲಿ ಸರಕಾರ ಹೊರತಂದ ಪುಸ್ತಕ ಅದು. 1868ರಿಂದ 1875ರ ತನಕ ಎಂಟು ಸಂಪುಟ, 468 ಫೋಟೊ, ಒಂದೊಂದನ್ನೂ ಪುಟಕ್ಕೆ ಅಂಟಿಸಿದ್ದು. ಮೊಟ್ಟೆಯ ಬಿಳಿ ಬಳಿದ ಕಾಗದದ ಮೇಲೆ ಮೂಡಿಸಿದ ಚಿತ್ರಗಳು. ಚಿತ್ರದ ಕೆಳಗೆ ಸಾಮಾನ್ಯವಾಗಿ ಜಾತಿಯ ಹೆಸರು, ಊರಿನ ಹೆಸರು. ಮನುಷ್ಯನ ಹೆಸರು ಅಪರೂಪ.

ಅಜ್ಜಿ ಕನ್ನಡಕ ಏರಿಸಿ ನೋಡಿದರು. ಮೊದಲ ಪ್ರಶ್ನೆ, "ಯಾವ ಮನೆಯವರು ಇವರು?"

"ಬರೆದಿಲ್ಲ ಅಜ್ಜಿ."

"ಮತ್ತೆ ಎಂತಕ್ಕೆ ತೆಗೆದದ್ದು?"

ಉತ್ತರ ನನ್ನಲ್ಲಿರಲಿಲ್ಲ. ಅವರು ಮುಂದುವರಿಸಿದರು: "ಚೇಲೆ ಕಪ್ಪು ಕಟ್ಟಿದ್ದಾರಲ್ಲ. ಸಾವಿಗೆ ಹೋದವರಾ?" ಕುಪ್ಯ ಅಂದರೆ ಗಂಡಸರ ಉದ್ದನೆಯ ಕಪ್ಪು ನಿಲುವಂಗಿ, ಅದರ ಮೇಲೆ ಸೊಂಟಕ್ಕೆ ಕಟ್ಟುವ ಚೇಲೆ ಕೆಂಪು ರೇಷ್ಮೆಯದು. ಫೋಟೊದಲ್ಲಿ ಕುಪ್ಯಕ್ಕೂ ಚೇಲೆಗೂ ಬಣ್ಣದಲ್ಲಿ ವ್ಯತ್ಯಾಸವೇ ಇಲ್ಲ. ಇಲ್ಲಿ ಗೆಳೆಯ ಬಾಯಿ ಹಾಕಿದ. ಆಕಾಶವನ್ನು ಬಿಳಿ ಮಾಡಿದ ಅದೇ ಪ್ಲೇಟು ಕೆಂಪನ್ನು ಕಾಣದೆ ಕಪ್ಪು ಮಾಡಿದೆ, ಇವರು ಕಟ್ಟಿದ್ದು ಕೆಂಪೇ ಇರಬೇಕು ಎಂದು ವಿವರಿಸಿದ. ಅಜ್ಜಿಗೆ ಸಮಾಧಾನವಾಯಿತು, ಆದರೆ ಇನ್ನೊಂದು ತಕರಾರು ಎದ್ದಿತು. "ಮುಂದಿನಿಂದ ತೆಗೆದ್ರೆ ಎಂತ ಕಾಣ್ತದೆ? ನಮ್ಮದೆಲ್ಲ ಹಿಂದೆ ಉಂಟಲ್ಲ!" ನಿಜ. ಚಿಕ್ಕ ಪೀಚೆಕತ್ತಿ ಮುಂದೆ ಸಿಕ್ಕಿಸುವುದಾದರೂ ಅಗಲ ಅಲಗಿನ ಒಡಿಕತ್ತಿ ಬೆನ್ನ ಹಿಂದೆ, ತೋಡಂಗ್ ಎಂಬ ಲೋಹದ ಕೊಂಡಿಯಲ್ಲಿ. ಹೆಂಗಸರ ಸೀರೆಯ ನೆರಿಗೆಯೂ ಹಿಂದೆ. ಕೊಡವ ಉಡುಪಿನ ಮುಖ್ಯವಾದ ಎರಡನ್ನು ಎದುರು ನಿಂತ ಕ್ಯಾಮೆರಾ ನೋಡಲೇ ಇಲ್ಲ. ಉಡುಪು ತೋರಿಸುವುದಕ್ಕೆಂದೇ ತೆಗೆದ ಫೋಟೊಗಳಲ್ಲಿ ಈ ಗತಿ.

ಅಜ್ಜಿಯ ಗೋಡೆ ಬೇರೆ ಲೋಕ. ಸಾಲು ಫ್ರೇಮುಗಳು, ಸೂರಿನ ಕೆಳಗೆ ಮುಂದಕ್ಕೆ ಬಾಗಿ ತೂಗುತ್ತಿವೆ. ಯುದ್ಧಕ್ಕೆ ಹೋಗುವ ಮುಂಚೆ ತೆಗೆಸಿಕೊಂಡ ಸಿಪಾಯಿ, ಮದುವೆಯ ಬಿಳಿ ಕುಪ್ಯದಲ್ಲಿ ಮದುಮಗ, ತಲೆಗೆ ವಸ್ತ್ರ ಕಟ್ಟಿದ ಮೂವರು ಅಕ್ಕತಂಗಿಯರು, ಒಕ್ಕದ ಹಾಕಿ ಟೀಮಿನ ಬಣ್ಣದ ಫೋಟೊ. ಒಂದರಲ್ಲಿ ಕೋವಿ ಹಿಡಿದ ಯುವಕ. ಹಿಂದೆ ಸ್ಟುಡಿಯೋದ ಪರದೆ, ಅದರ ಮೇಲೆ ಬಿಳಿ ಕಂಬ, ಕಾರಂಜಿ, ಯಾವುದೋ ಯುರೋಪಿನ ತೋಟ. ಮನೆಯ ಹಿಂದೆಯೇ ಅಷ್ಟು ದೊಡ್ಡ ಕಾಡಿದ್ದವನು ಪೇಟೆಗೆ ಹೋಗಿ ಬಟ್ಟೆಯ ತೋಟದ ಮುಂದೆ ನಿಂತಿದ್ದಾನೆ! ನನಗಂತೂ ಎಂಟು ಸಂಪುಟಗಳಿಗಿಂತ ಈ ಗೋಡೆಯೇ ದೊಡ್ಡ ಪತ್ರಾಗಾರ. ಇಲ್ಲಿ ಪ್ರತಿಯೊಬ್ಬನೂ ಯಾರದೋ ಮಗ, ಯಾರದೋ ಭಾವ. ಹೇಗೆ ಕಾಣಬೇಕು ಅನ್ನುವುದನ್ನು ತಾನೇ ಆರಿಸಿಕೊಂಡು, ಕೈಯಿಂದ ದುಡ್ಡು ಕೊಟ್ಟು ನಿಂತವನು.

ತೊಂದರೆ ಎಂದರೆ ಶೀತ. ಮಳೆಗಾಲದ ಹಸಿಗೆ ಫೋಟೊದ ಮೇಲ್ಪದರ ಮೆತ್ತಗಾಗಿ ಫ್ರೇಮಿನ ಗಾಜಿಗೇ ಅಂಟಿಕೊಂಡಿದೆ, ಅಂಚಿನಿಂದ ಬೂಷ್ಟು ಹರಡಿದೆ. ಅಜ್ಜಿಯ ಮಗ ಸ್ಕ್ರೂಡ್ರೈವರ್ ತಂದು ಒಂದನ್ನು ಬಿಚ್ಚಲು ಹೊರಟಾಗ ಗೆಳೆಯ ಓಡಿಬಂದು ತಡೆದ. "ಎಳೆದ್ರೆ ಮುಖ ಗಾಜಲ್ಲಿ ಉಳಿಯುತ್ತೆ ಅಣ್ಣ, ಬಿಳಿ ಕಾಗದ ಕೈಗೆ ಬರುತ್ತೆ." ಫ್ರೇಮುಗಳನ್ನು ಗಾಜಿನ ಸಮೇತ ಕೈಯಾಲೆಗೆ ತಂದು, ಪಕ್ಕದಿಂದ ಬೆಳಕು ಬೀಳುವಂತೆ ಇಟ್ಟು, ಪ್ರತಿಬಿಂಬ ಬೀಳದಂತೆ ನನ್ನಿಂದ ಕಪ್ಪು ಕಂಬಳಿ ಹಿಡಿಸಿ ಒಂದೊಂದನ್ನೇ ತೆಗೆದ. ಕೈ ಬಿದ್ದುಹೋಯಿತು. ನಿಮ್ಮ ಮನೆಯಲ್ಲೂ ಹೀಗೆ ಅಂಟಿದವು ಇದ್ದರೆ ಇದೇ ದಾರಿ, ಬಿಚ್ಚಲು ಹೋಗಬೇಡಿ.

ಅಜ್ಜಿ ಇದಕ್ಕೆಲ್ಲ ಒಪ್ಪಿದ್ದಕ್ಕೆ ಕಾರಣ 2018. ಆ ಆಗಸ್ಟಿನಲ್ಲಿ ಮಕ್ಕಂದೂರು ಕಡೆ ಗುಡ್ಡ ಜಾರಿದಾಗ ಅವರ ನೆಂಟರ ಮನೆ ಆಲ್ಬಮ್ಮಿನ ಸಮೇತ ಹೋಯಿತು. ಜೀವಗಳು ಉಳಿದವು. ಆಮೇಲೆ ಬೇರೆ ಬೇರೆ ಊರಿನ ನೆಂಟರು ತಮ್ಮ ತಮ್ಮ ಆಲ್ಬಮ್ ತೆಗೆದು, ಹಿಂದೆ ಯಾವಾಗಲೋ ಮದುವೆಯಲ್ಲಿ ಕೊಟ್ಟಿದ್ದ ಫೋಟೊಗಳ ಪ್ರತಿ ಮಾಡಿಸಿ ಕಳಿಸಿದರಂತೆ. ಹಾಗಾಗಿ ಈಗ ಅಜ್ಜಿ ಯಾರು ಕೇಳಿದರೂ ಪ್ರತಿ ಕೊಡುತ್ತಾರೆ.

ಕೊನೆಯ ಫ್ರೇಮಿನಲ್ಲಿ ಜಗಳ ಹತ್ತಿತು. ಹತ್ತಿಪ್ಪತ್ತು ಜನರ ಗುಂಪು, ಮುಂದಿನ ಸಾಲಿನಲ್ಲಿ ಬರಿಗಾಲ ಹುಡುಗ. ಶಟರು ತೆರೆದಾಗ ತಲೆ ತಿರುಗಿಸಿರಬೇಕು, ಮುಖ ಕಲಸಿಹೋಗಿದೆ. ಅಜ್ಜಿ ಒಂದು ಹೆಸರು ಹೇಳಿದರು, ಮಗ ಇನ್ನೊಂದು. ಗೋಣಿಕೊಪ್ಪಲಿನ ಅತ್ತೆಗೆ ವಾಟ್ಸಾಪಿನಲ್ಲಿ ಕಳಿಸಿದರೆ ಅವರಿಂದ ವಾಯ್ಸ್ ಮೆಸೇಜು ಬಂತು: "ಇಬ್ರೂ ಅಲ್ಲ, ಅವ ಪಕ್ಕದ ಮನೆಯವ. ಫೋಟೊ ತೆಗೀತಾರೆ ಅಂತ ಓಡಿ ಬಂದು ಕೂತದ್ದು." ಅಜ್ಜಿ ಒಪ್ಪಲಿಲ್ಲ. ಅತ್ತೆ ಆಗ ಹುಟ್ಟಿಯೇ ಇರಲಿಲ್ಲವಂತೆ. ಫ್ರೇಮಿನ ಹಿಂದೆ ಪೆನ್ಸಿಲಿನಲ್ಲಿ ಮೂರೂ ಹೆಸರು ಬರೆಸಿದರು, ತಮ್ಮದನ್ನು ಮೇಲೆ ಬರೆಸಿ ಅಡಿಗೆರೆ ಎಳೆಸಿದರು. ನಾವು ಹೊರಡುವಾಗಲೂ ಫೋನಿನಲ್ಲಿ ವಾದ ನಡೆದೇ ಇತ್ತು.